ಯಕೃತ್ತಿಗೆ ಅಂಜೂರದ ಹೆಸರು: ರೋಮಾನ್ಸ್ ಭಾಷೆಗಳ ಒಂದು ವೈದ್ಯಶಬ್ದದ ವಿಚಾರ

ಶರೀರದ ಹೊರಗಣ ಅವಯವಗಳಿಗೆ ಹೆಸರಿಡಲು ಶಾಸ್ತ್ರಜ್ಞಾನವೇನೂ ಬೇಕಾಗಿಲ್ಲ. ಕಣ್ಣು, ಕಿವಿ, ಕೈ, ಕಾಲುಗಳು ಎಲ್ಲರಿಗೂ ಕಾಣುವಂಥವು. ಒಳಗಣ ಅಂಗಗಳ ಮಾತು ಬೇರೆ. ಯಕೃತ್ತು, ಪ್ಲೀಹ ಮೊದಲಾದವು ಬದುಕಿರುವ ಮನುಷ್ಯನಲ್ಲಿ ಕಣ್ಣಿಗೆ ಬೀಳತಕ್ಕವಲ್ಲ; ಆದುದರಿಂದ ಅವುಗಳ ಹೆಸರುಗಳು ಮೊದಲು ವೈದ್ಯರ ಗ್ರಂಥಗಳಲ್ಲಿ ಹುಟ್ಟಿ, ಅಲ್ಲಿಂದ ಜನರ ಬಾಯಿಗೆ ಇಳಿದು ಬಂದುವೆಂದು ಭಾವಿಸುವುದು ಸಹಜ. ಈ ಭಾವನೆ ಎಲ್ಲೆಡೆಯೂ ನಿಲ್ಲತಕ್ಕದ್ದಲ್ಲ. ಲ್ಯಾಟಿನ್ ಭಾಷೆಯಿಂದ ಹುಟ್ಟಿದ ರೋಮಾನ್ಸ್ ಭಾಷೆಗಳಲ್ಲಿ ಯಕೃತ್ತಿಗಿರುವ ಹೆಸರಿನ ಚರಿತ್ರೆ ಇದಕ್ಕೆ ತಕ್ಕ ನಿದರ್ಶನವಾಗಿದೆ.

ಇಟಾಲಿಯನ್ನಿನಲ್ಲಿ ಯಕೃತ್ತಿಗೆ ‘ಫೇಗತೊ’ ಎಂದು ಹೆಸರು, ಸ್ಪಾನಿಷ್ ಭಾಷೆಯಲ್ಲಿ ‘ಈಗದೊ’, ಪೋರ್ಚುಗೀಸಿನಲ್ಲಿ ‘ಫೀಗದು’, ಫ್ರೆಂಚಿನಲ್ಲಿ ‘ಫ್ವಾ’, ಕ್ಯಾಟಲಾನಿನಲ್ಲಿ ‘ಫೆಜ್ಜೆ’, ರುಮೇನಿಯನ್ನಿನಲ್ಲಿ ‘ಫಿಕಾತ್’. ಮೇಲುನೋಟಕ್ಕೆ ಇವು ಒಂದಕ್ಕೊಂದು ದೂರವಾಗಿ ಕಂಡರೂ ಎಲ್ಲವೂ ಒಂದೇ ಮೂಲದವು. ಆ ಮೂಲವು ‘ಫೀಕಾತುಮ್’ ಎಂಬ ಲ್ಯಾಟಿನ್ ಶಬ್ದ. ‘ಫೀಕುಸ್’ ಎಂದರೆ ಅಂಜೂರ. ‘ಫೀಕಾತುಮ್’ ಎಂದರೆ ಅಂಜೂರದಿಂದ ಕೂಡಿದ್ದು, ಅಂಜೂರದಿಂದ ಸಂಸ್ಕರಿಸಿದ್ದು. ಅಂಜೂರಕ್ಕೂ ಯಕೃತ್ತಿಗೂ ಏನು ಸಂಬಂಧ? ಲ್ಯಾಟಿನ್ನಿನಲ್ಲಿ ಮೊದಲೇ ಇದ್ದ ಹೆಸರು ಏನಾಯಿತು? ಒಂದೇ ಶಬ್ದದಿಂದ ಇಷ್ಟು ಭಿನ್ನವಾದ ರೂಪಗಳು ಹೇಗೆ ಹೊರಟವು? ಈ ಮೂರು ಪ್ರಶ್ನೆಗಳಲ್ಲಿ ಮೊದಲನೆಯದು ಮನೋಹರವಾದುದು, ಮೂರನೆಯದು ಕಠಿನವಾದುದು. ಶಬ್ದದ ನಿಜವಾದ ಚರಿತ್ರೆ ಅಡಗಿರುವುದು ಮೂರನೆಯದರಲ್ಲಿಯೇ.

೧. ಹಳೆಯ ಹೆಸರು

ಪ್ರಾಚೀನ ಲ್ಯಾಟಿನ್ನಿನಲ್ಲಿ ಯಕೃತ್ತಿಗೆ ‘ಯೆಕುರ್’ ಎಂದು ಹೆಸರು. ಇದು ಸಂಸ್ಕೃತದ ‘ಯಕೃತ್’ ಶಬ್ದಕ್ಕೆ ಸಹೋದರಶಬ್ದ. ಗ್ರೀಕಿನ ‘ಹೇಪರ್’, ಅವೆಸ್ತಾ ಭಾಷೆಯ ‘ಯಾಕರ’, ಪಾರಸಿಯ ‘ಜಿಗರ್’ ಇವೂ ಅದೇ ಕುಲದವು. ಈ ಶಬ್ದಕುಟುಂಬಕ್ಕೆ ಒಂದು ವಿಶೇಷ ಲಕ್ಷಣವುಂಟು. ಪ್ರಥಮಾ ವಿಭಕ್ತಿಯಲ್ಲಿ ರೇಫವುಳ್ಳ ಪ್ರಕೃತಿಯು ಇತರ ವಿಭಕ್ತಿಗಳಲ್ಲಿ ನಕಾರವನ್ನು ತಾಳುವುದು. ಸಂಸ್ಕೃತದಲ್ಲಿ ‘ಯಕೃತ್’ ಎಂಬುದರ ಷಷ್ಠೀರೂಪ ‘ಯಕ್ನಃ’ ಎಂದಾಗುವುದು. ಲ್ಯಾಟಿನ್ನಿನಲ್ಲಿಯೂ ‘ಯೆಕುರ್’ ಎಂಬುದಕ್ಕೆ ‘ಯೆಕೊರಿಸ್’ ಎಂಬ ಷಷ್ಠಿಯ ಜೊತೆಗೆ ‘ಯೆಕಿನೊರಿಸ್’ ಎಂಬ ರೂಪವೂ ದೊರೆಯುವುದು. ಈ ಎರಡನೆಯ ರೂಪದಲ್ಲಿ ಹಳೆಯ ನಕಾರವೂ ರೇಫವೂ ಒಂದರ ಮೇಲೊಂದು ಸೇರಿಕೊಂಡಿವೆ. ತುಲನಾತ್ಮಕ ವ್ಯಾಕರಣವನ್ನು ಬಲ್ಲವರಿಗೆ ಇದು ಅಮೂಲ್ಯವಾದ ಸಾಕ್ಷ್ಯ. ಆದರೆ ದಿನದಿನವೂ ಆಡುವವನಿಗೆ ಇದು ಬರಿಯ ತೊಡಕು.

ರೋಮನರಲ್ಲಿ ಈ ಶಬ್ದಕ್ಕೆ ಗೌರವವು ಕಡಿಮೆಯಾಗಿರಲಿಲ್ಲ. ಬಲಿಪಶುವಿನ ಯಕೃತ್ತನ್ನು ನೋಡಿ ಶುಭಾಶುಭಗಳನ್ನು ಹೇಳುವ ವಿದ್ಯೆಯನ್ನು ಅವರು ಎಟ್ರಸ್ಕರಿಂದ ಕಲಿತಿದ್ದರು. ೧೮೭೭ರಲ್ಲಿ ಇಟಲಿಯ ಪಿಯಾಚೆಂಜಾ ಪಟ್ಟಣದ ಬಳಿ ದೊರೆತ, ದೇವತೆಗಳ ಹೆಸರುಗಳನ್ನು ಕೊರೆದಿರುವ ಕಂಚಿನ ಯಕೃತ್ಪ್ರತಿಮೆಯು ಆ ವಿದ್ಯೆಯ ಪ್ರಸಿದ್ಧವಾದ ಕುರುಹು. ಕವಿಗಳು ಕಾಮಕ್ರೋಧಗಳಿಗೆ ಯಕೃತ್ತೇ ನೆಲೆಯೆಂದು ವರ್ಣಿಸಿದರು. ಕ್ರಿ. ಶ. ಮೊದಲನೆಯ ಶತಮಾನದ ಕೆಲ್ಸುಸನು ತನ್ನ ವೈದ್ಯಗ್ರಂಥದಲ್ಲಿ ಈ ಅಂಗವನ್ನು ‘ಯೆಕುರ್’ ಎಂದೇ ಕರೆದಿರುವನು. ಧರ್ಮ, ಕಾವ್ಯ, ವೈದ್ಯ ಈ ಮೂರರ ಬೆಂಬಲವೂ ಇದ್ದ ಶಬ್ದವದು. ಹಾಗಿದ್ದರೂ ರೋಮಾನ್ಸ್ ಭಾಷೆಗಳಲ್ಲಿ ಒಂದರಲ್ಲಿಯೂ ಅದು ಯಕೃತ್ತಿನ ಸಾಮಾನ್ಯ ಹೆಸರಾಗಿ ಉಳಿಯಲಿಲ್ಲ.

ವಿಭಕ್ತಿರೂಪಗಳ ತೊಡಕೇ ಇದಕ್ಕೆ ಒಂದು ಕಾರಣ. ಇದೇ ಜಾತಿಯ ‘ಫೆಮುರ್’ (ತೊಡೆ) ಎಂಬ ಶಬ್ದಕ್ಕೂ ‘ಫೆಮೊರಿಸ್’, ‘ಫೆಮಿನಿಸ್’ ಎಂದು ಎರಡು ಷಷ್ಠೀರೂಪಗಳಿದ್ದುವು. ಅದೂ ಜನರ ಬಾಯಿಂದ ಮರೆಯಾಯಿತು. ಅದರ ಸ್ಥಾನವನ್ನು, ಮೊದಲು ಸೊಂಟದ ಪಕ್ಕವನ್ನು ಹೇಳುತ್ತಿದ್ದ ‘ಕೊಕ್ಸ’ ಎಂಬ ಶಬ್ದವು ಆಕ್ರಮಿಸಿತು. ಇಟಾಲಿಯನ್ನಿನ ‘ಕೋಷ’, ಫ್ರೆಂಚಿನ ‘ಕ್ಯೂಯಿಸ್’ ಇವು ಅದರಿಂದ ಬಂದವು. ರೂಪದಲ್ಲಿ ಅಸ್ಥಿರವಾದ ಶಬ್ದವು ಸುಲಭವಾದ ಪ್ರತಿಸ್ಪರ್ಧಿಯನ್ನು ಎದುರಿಸಲಾರದು. ಆದರೆ ಒಂದು ಶಬ್ದ ದುರ್ಬಲವಾಯಿತೆಂದು ಹೇಳಿದ ಮಾತ್ರಕ್ಕೆ ಇನ್ನೊಂದು ಶಬ್ದ ಏಕೆ ಬಂದಿತೆಂಬುದು ತಿಳಿಯುವುದಿಲ್ಲ. ಅದಕ್ಕೆ ರೋಮನರ ಪಾಕಶಾಲೆಯನ್ನು ಪ್ರವೇಶಿಸಬೇಕು.

೨. ಅಂಜೂರದ ವೃತ್ತಾಂತ

ಹೆಬ್ಬಾತುಗಳನ್ನು ವಿಶೇಷವಾಗಿ ಮೇಯಿಸಿ ಅವುಗಳ ಯಕೃತ್ತು ಕೊಬ್ಬುವಂತೆ ಮಾಡುವುದು ಪ್ರಾಚೀನರಿಗೆ ತಿಳಿದ ವಿದ್ಯೆ. ಕ್ರಿ. ಪೂ. ೩೦ರ ಸುಮಾರಿನಲ್ಲಿ ಹೊರೇಸ್ ಕವಿಯು ತನ್ನ ವಿಡಂಬನಕಾವ್ಯದ ಎರಡನೆಯ ಭಾಗದಲ್ಲಿ ಒಬ್ಬ ಆಡಂಬರದ ಗೃಹಸ್ಥನ ಔತಣವನ್ನು ವರ್ಣಿಸುವಾಗ, ಅಂಜೂರವನ್ನು ತಿನ್ನಿಸಿ ಬೆಳೆಸಿದ ಹೆಬ್ಬಾತಿನ ಯಕೃತ್ತನ್ನು ಭಕ್ಷ್ಯಗಳಲ್ಲಿ ಒಂದಾಗಿ ಎಣಿಸಿರುವನು. ಅಲ್ಲಿ ಅವನು ಬಳಸಿರುವುದು ಹಳೆಯ ‘ಯೆಕುರ್’ ಶಬ್ದವನ್ನೇ. ಅಂಜೂರವು ಬರಿಯ ವಿಶೇಷಣದ ಭಾಗವಾಗಿದೆ. ಕ್ರಿ. ಶ. ೭೯ರಲ್ಲಿ ಮೃತನಾದ ಪ್ಲಿನಿಯು ತನ್ನ ‘ಪ್ರಕೃತಿಚರಿತ್ರೆ’ಯಲ್ಲಿ ಇದನ್ನು ಇನ್ನೂ ವಿವರವಾಗಿ ಹೇಳುತ್ತಾನೆ. ಹೆಬ್ಬಾತಿನ ಯಕೃತ್ತಿನ ಸವಿಯನ್ನು ಮೊದಲು ಕಂಡುಹಿಡಿದವನು ಸ್ಕಿಪಿಯೊ ಮೆಟೆಲ್ಲುಸನೋ ಮಾರ್ಕುಸ್ ಸೇಯುಸನೋ ಎಂಬ ಚರ್ಚೆಯಿತ್ತಂತೆ. ಹಂದಿಗೂ ಅದೇ ಸಂಸ್ಕಾರವನ್ನು ಮಾಡಿದವನು ಮಾರ್ಕುಸ್ ಆಪಿಕಿಯುಸ್. ಒಣಗಿದ ಅಂಜೂರವನ್ನು ತಿನ್ನಿಸಿ ಕೊಬ್ಬಿಸಿ, ಕೊನೆಗೆ ಜೇನು ಬೆರಸಿದ ದ್ರಾಕ್ಷಾಮದ್ಯವನ್ನು ಕುಡಿಸಿ ಒಡನೆಯೇ ಕೊಲ್ಲುವುದು ಅವನ ಕ್ರಮ. ಈ ಆಪಿಕಿಯುಸನು ತಿಬೇರಿಯುಸ್ ಚಕ್ರವರ್ತಿಯ ಕಾಲದವನು (ಕ್ರಿ. ಶ. ೧೪-೩೭). ಮುಂದೆ ಅವನ ಹೆಸರಿನಲ್ಲಿಯೇ ಸಂಕಲಿತವಾದ ಪಾಕಶಾಸ್ತ್ರಗ್ರಂಥದಲ್ಲಿ ‘ಫೀಕಾತುಮ್’ ಎಂಬುದು ಒಂದು ಭಕ್ಷ್ಯದ ಹೆಸರಾಗಿ ನಿಂತಿದೆ.

ಆದರೆ ಈ ಹೆಸರನ್ನು ರೋಮನರು ಸ್ವತಂತ್ರವಾಗಿ ಕಟ್ಟಿದಂತೆ ತೋರುವುದಿಲ್ಲ. ಗ್ರೀಕಿನಲ್ಲಿ ಅಂಜೂರಕ್ಕೆ ‘ಸ್ಯೂಕೊನ್’ ಎಂದು ಹೆಸರು. ಅಂಜೂರದಿಂದ ಕೊಬ್ಬಿಸಿದ ಯಕೃತ್ತಿಗೆ ‘ಸ್ಯೂಕೋತೊನ್’ ಎಂದು ಹೆಸರು. ಕ್ರಿ. ಶ. ಎರಡನೆಯ ಶತಮಾನದ ಮಹಾವೈದ್ಯ ಗ್ಯಾಲೆನನು ಆಹಾರಗಳ ಗುಣವನ್ನು ವಿಚಾರಿಸುವ ಗ್ರಂಥದಲ್ಲಿ ಈ ಹೆಸರನ್ನು ಪ್ರಸ್ತಾಪಿಸಿರುವನು. ‘ಫೀಕಾತುಮ್’ ಎಂಬುದು ಈ ಗ್ರೀಕ್ ಶಬ್ದದ ಅವಯವಾನುವಾದ: ‘ಸ್ಯೂಕೊನ್’ ಇದ್ದಲ್ಲಿ ‘ಫೀಕುಸ್’, ಗ್ರೀಕ್ ಪ್ರತ್ಯಯವಿದ್ದಲ್ಲಿ ಲ್ಯಾಟಿನ್ ಪ್ರತ್ಯಯ. ರೋಮಿನ ಶ್ರೀಮಂತರ ಮನೆಗಳಲ್ಲಿ ಬಾಣಸಿಗರು ಬಹುಮಟ್ಟಿಗೆ ಗ್ರೀಕ್ ಮಾತನಾಡುವವರು, ವೈದ್ಯರೂ ಹಾಗೆಯೇ. ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಬರುವ ತೊಡಕನ್ನು ಬಿಡಿಸಲು ಇದೇ ಬೇಕಾಗುವುದು.

ಆರಂಭದಲ್ಲಿ ‘ಯೆಕುರ್ ಫೀಕಾತುಮ್’ ಎಂದರೆ ಅಂಜೂರದ ಯಕೃತ್ತು. ಕಾಲಕ್ರಮದಲ್ಲಿ ವಿಶೇಷ್ಯವು ಬಿದ್ದುಹೋಗಿ ವಿಶೇಷಣವೇ ವಿಶೇಷ್ಯದ ಕೆಲಸವನ್ನು ಮಾಡತೊಡಗಿತು. ಇದು ಎಲ್ಲ ಭಾಷೆಗಳಲ್ಲಿಯೂ ಕಾಣುವ ವ್ಯಾಪಾರ. ಸಿಂಧುದೇಶದ್ದು ಎಂಬ ಅರ್ಥದ ‘ಸೈಂಧವ’ ಶಬ್ದವು, ಲವಣವೆಂದಾಗಲಿ ಅಶ್ವವೆಂದಾಗಲಿ ಸೇರಿಸದೆಯೇ, ಸಂದರ್ಭಾನುಸಾರವಾಗಿ ಉಪ್ಪನ್ನೂ ಕುದುರೆಯನ್ನೂ ಹೇಳುವುದನ್ನು ನಮ್ಮ ಅಲಂಕಾರಿಕರು ಬಹುಕಾಲದಿಂದ ಉದಾಹರಿಸುತ್ತ ಬಂದಿದ್ದಾರೆ. ರೋಮಾನ್ಸ್ ಭಾಷೆಗಳಲ್ಲಿಯೇ ಗಿಣ್ಣಿನಂಥ ಹಾಲಿನ ಗಟ್ಟಿಗೆ, ಅಂದರೆ ಚೀಸಿಗೆ, ಫ್ರೆಂಚರು ‘ಫ್ರೊಮಾಜ್’ ಎನ್ನುತ್ತಾರೆ. ಅದು ಅಚ್ಚಿನಲ್ಲಿ ಹಾಕಿದ್ದು ಎಂಬ ಅರ್ಥದ ಲ್ಯಾಟಿನ್ ವಿಶೇಷಣ. ಚೀಸನ್ನೇ ಹೇಳುತ್ತಿದ್ದ ‘ಕಾಸೆಯುಸ್’ ಎಂಬ ವಿಶೇಷ್ಯವು ಫ್ರೆಂಚಿನಲ್ಲಿ ಬಿದ್ದುಹೋಗಿ, ಸ್ಪಾನಿಷಿನಲ್ಲಿ ‘ಕೇಸೊ’ ಆಗಿ ಉಳಿದಿದೆ. ಯಕೃತ್ತಿನ ವಿಷಯದಲ್ಲಿ ವಿಶೇಷಣದ ಗೆಲವು ಇನ್ನೂ ಪೂರ್ಣವಾಯಿತು.

೩. ಮಾಂಸದ ಅಂಗಡಿಯಿಂದ ವೈದ್ಯನ ಬಳಿಗೆ

ಒಂದು ಭಕ್ಷ್ಯದ ಹೆಸರು ಅಂಗದ ಹೆಸರಾಗಲು ಎರಡು ಮೆಟ್ಟಿಲುಗಳನ್ನು ದಾಟಬೇಕು. ಮೊದಲು ಅಂಜೂರದ ಅರ್ಥ ಮರೆತುಹೋಗಿ ತಿನ್ನುವ ಯಾವ ಯಕೃತ್ತಿಗಾದರೂ ಆ ಹೆಸರು ಸಲ್ಲಬೇಕು. ಬಳಿಕ ತಟ್ಟೆಯಲ್ಲಿರುವ ಪ್ರಾಣಿಯ ಯಕೃತ್ತಿನಿಂದ ಬದುಕಿರುವ ಮನುಷ್ಯನ ಯಕೃತ್ತಿಗೆ ಅದು ಸಾಗಬೇಕು.

ಕ್ರಿ. ಶ. ೩೦೧ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯು ಸಾಮ್ರಾಜ್ಯದಲ್ಲೆಲ್ಲ ವಸ್ತುಗಳ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿ ಒಂದು ಶಾಸನವನ್ನು ಹೊರಡಿಸಿದನು. ಅದರ ಮಾಂಸಪ್ರಕರಣದಲ್ಲಿ ಒಂದು ರೋಮನ್ ಪೌಂಡು ಹಂದಿಯ ಮಾಂಸಕ್ಕೆ ೧೨ ದೀನಾರಗಳು, ಗೋಮಾಂಸಕ್ಕೆ ೮ ದೀನಾರಗಳು, ಉತ್ತಮವಾದ ‘ಫೀಕಾತುಮ್’ಗೆ ೧೬ ದೀನಾರಗಳು ಎಂದು ಬರೆದಿದೆ. ಎರಡು ವಿಷಯಗಳು ಇಲ್ಲಿ ಗಮನಾರ್ಹವಾದುವು. ‘ಯೆಕುರ್’ ಎಂಬ ಮಾತು ಇಲ್ಲಿ ಜೊತೆಗಿಲ್ಲ. ವಿಶೇಷಣವು ಒಂಟಿಯಾಗಿ, ರಾಜಶಾಸನದಲ್ಲಿ ಬರೆಯಲು ಯೋಗ್ಯವಾದ ವ್ಯಾಪಾರದ ಹೆಸರಾಗಿ ನಿಂತಿದೆ. ಬೆಲೆಯು ಹಂದಿಯ ಮಾಂಸಕ್ಕಿಂತ ಮೂರರಲ್ಲಿ ಒಂದು ಪಾಲು ಹೆಚ್ಚಾಗಿರುವುದರಿಂದ ಅದು ಇನ್ನೂ ವಿಶೇಷ ಭಕ್ಷ್ಯವಾಗಿಯೇ ಇದ್ದಿತೆಂದು ಊಹಿಸಬಹುದು. ಮೊದಲನೆಯ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟ ಸ್ಥಿತಿ ಇದು.

ಆರನೆಯ ಶತಮಾನದ ಸಾಕ್ಷ್ಯವು ಇದಕ್ಕಿಂತ ಸ್ಪಷ್ಟವಾದುದು. ಆಂತಿಮುಸನೆಂಬ ಗ್ರೀಕ್ ವೈದ್ಯನು ಬೈಜಾಂಟಿಯಮ್ಮನ್ನು ಬಿಟ್ಟು ಇಟಲಿಗೆ ಬಂದು ಗಾಥರ ಅರಸನಾದ ಥಿಯೊಡೊರಿಕನ ಆಶ್ರಯವನ್ನು ಪಡೆದನು. ಫ್ರಾಂಕರ ದೊರೆ ಥ್ಯೂಡೆರಿಕನಿಗಾಗಿ (ಪಟ್ಟವೇರಿದುದು ೫೧೧) ಅವನು ಪಥ್ಯಾಪಥ್ಯಗಳನ್ನು ಕುರಿತು ಒಂದು ಪತ್ರರೂಪದ ಗ್ರಂಥವನ್ನು ಬರೆದನು. ಅದರ ಭಾಷೆ ಶಿಷ್ಟ ಲ್ಯಾಟಿನ್ ಅಲ್ಲ, ಜನರು ಆಡುತ್ತಿದ್ದ ಲ್ಯಾಟಿನ್ನಿಗೆ ಹತ್ತಿರವಾದುದು. ಹುರಿದ ಹಂದಿಯ ಯಕೃತ್ತು ಆರೋಗ್ಯವಂತನಿಗೂ ರೋಗಿಗೂ ಹಿತವಲ್ಲವೆಂದು ಹೇಳುವಾಗ ಅವನು ಬಳಸುವ ಶಬ್ದ ‘ಫೀಕಾತುಮ್’. ಅಂಜೂರದ ಮಾತೇ ಅಲ್ಲಿಲ್ಲ. ಪಾಕಶಾಲೆಯ ಶಬ್ದವು ವೈದ್ಯನ ಲೇಖನಿಗೆ ಹೇಗೆ ಬಂದಿತೆಂಬುದು ಈ ಗ್ರಂಥದಿಂದ ತಿಳಿಯುತ್ತದೆ. ಅಂದಿನ ವೈದ್ಯಕ್ಕೂ ಪಾಕಕ್ಕೂ ನಡುವೆ ಗೋಡೆಯಿರಲಿಲ್ಲ. ರೋಗಿಯ ಯಕೃತ್ತಿನ ವ್ಯಾಧಿಯನ್ನು ಹೇಳುವವನೂ ಯಾವ ಪ್ರಾಣಿಯ ಯಕೃತ್ತು ಜೀರ್ಣವಾಗುವುದೆಂದು ಹೇಳುವವನೂ ಒಬ್ಬನೇ. ಒಬ್ಬನೇ ಮನುಷ್ಯನು ಒಂದೇ ಪುಟದಲ್ಲಿ ಒಂದೇ ವಸ್ತುವಿಗೆ ಎರಡು ಹೆಸರುಗಳನ್ನು ಬಹುಕಾಲ ಬಳಸಲಾರನು.

ಕೊನೆಯ ಸಾಕ್ಷ್ಯವು ಎಂಟನೆಯ ಶತಮಾನದ್ದು. ರೈಖೆನೌ ಮಠದ ಗ್ರಂಥಭಂಡಾರದಲ್ಲಿದ್ದುದರಿಂದ ‘ರೈಖೆನೌ ಟಿಪ್ಪಣಿಗಳು’ ಎಂದು ಪ್ರಸಿದ್ಧವಾದ ಒಂದು ಶಬ್ದಪಟ್ಟಿಕೆಯು, ಲ್ಯಾಟಿನ್ ಬೈಬಲಿನಲ್ಲಿ ಓದುಗರಿಗೆ ಅರ್ಥವಾಗದೆ ಹೋದ ಶಬ್ದಗಳಿಗೆ ಬಳಕೆಯ ಮಾತುಗಳಿಂದ ಅರ್ಥ ಹೇಳುತ್ತದೆ. ಅದು ಉತ್ತರ ಫ್ರಾನ್ಸಿನಲ್ಲಿ ಸಿದ್ಧವಾದುದೆಂದು ವಿದ್ವಾಂಸರ ಮತ. ಅದರಲ್ಲಿ ‘ಯೆಕುರ್’ ಶಬ್ದದ ರೂಪಕ್ಕೆ ‘ಫೀಕಾತುಮ್’ ಶಬ್ದದ ರೂಪವನ್ನು ಅರ್ಥವಾಗಿ ಕೊಟ್ಟಿದೆ. ‘ಫೆಮುರ್’ ಎಂಬುದಕ್ಕೆ ‘ಕೊಕ್ಸ’ ಎಂಬುದನ್ನು ಕೊಟ್ಟಿದೆ. ಹಿಂದೆ ಹೊಸ ಶಬ್ದಕ್ಕೆ ಹಳೆಯ ಶಬ್ದವು ಆಧಾರವಾಗಿದ್ದಿತು. ಈಗ ಹಳೆಯದನ್ನು ತಿಳಿಯಲು ಹೊಸದರ ಸಹಾಯ ಬೇಕಾಯಿತು. ಶಬ್ದದ ಅರ್ಥಪರಿವರ್ತನೆಯು ಪೂರ್ಣವಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

೪. ಸ್ವರಾಘಾತದ ತೊಡಕು

ಇಷ್ಟರಿಂದ ಅರ್ಥದ ಪ್ರಶ್ನೆಯು ಪರಿಹಾರವಾಯಿತು. ಆದರೆ ಅರ್ಥವು ಹೊಂದಿದರೆ ಸಾಲದು, ಧ್ವನಿಯೂ ಹೊಂದಬೇಕು ಎಂಬುದು ನಿರುಕ್ತಶಾಸ್ತ್ರದ ಮೊದಲನೆಯ ಕಟ್ಟಳೆ. ಇಲ್ಲಿ ಧ್ವನಿಯು ಸುಲಭವಾಗಿ ಹೊಂದುವುದಿಲ್ಲ.

ಲ್ಯಾಟಿನ್ ಶಬ್ದಗಳಲ್ಲಿ ಒಂದು ಅಕ್ಷರವನ್ನು ಇತರ ಅಕ್ಷರಗಳಿಗಿಂತ ಬಲವಾಗಿ ಉಚ್ಚರಿಸುತ್ತಿದ್ದರು. ಇದನ್ನು ಸ್ವರಾಘಾತವೆನ್ನಬಹುದು. ಅದರ ನಿಯಮವನ್ನು ನಮ್ಮ ಛಂದಶ್ಶಾಸ್ತ್ರದ ಪರಿಭಾಷೆಯಲ್ಲಿಯೇ ಹೇಳಬಹುದು: ಮೂರು ಅಥವಾ ಹೆಚ್ಚು ಅಕ್ಷರಗಳ ಶಬ್ದದಲ್ಲಿ ಕೊನೆಯಿಂದ ಎರಡನೆಯ ಅಕ್ಷರವು ಗುರುವಾಗಿದ್ದರೆ ಆಘಾತವು ಅದರ ಮೇಲೆ ಬೀಳುವುದು, ಲಘುವಾಗಿದ್ದರೆ ಅದರ ಹಿಂದಣ ಅಕ್ಷರದ ಮೇಲೆ ಬೀಳುವುದು. ಕೊನೆಯ ಅಕ್ಷರದ ಮೇಲೆ ಎಂದಿಗೂ ಬೀಳದು. ‘ಫೀಕಾತುಮ್’ ಎಂಬುದರಲ್ಲಿ ‘ಕಾ’ ಗುರು. ಆದುದರಿಂದ ಆಘಾತವು ಅದರ ಮೇಲಿರಬೇಕು. ರೋಮಾನ್ಸ್ ಭಾಷೆಗಳು ಆಘಾತದ ಸ್ಥಾನವನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಪ್ರೀತಿಸಲ್ಪಟ್ಟ ಎಂಬ ಅರ್ಥದ ‘ಅಮಾತುಮ್’ ಎಂಬುದು ಇಟಾಲಿಯನ್ನಿನಲ್ಲಿ ‘ಅಮಾತೊ’, ಸ್ಪಾನಿಷಿನಲ್ಲಿ ‘ಅಮಾದೊ’ ಎಂದಾಗಿ, ನಡುವಣ ‘ಆ’ ಸ್ವರದ ಬಲವನ್ನು ಉಳಿಸಿಕೊಂಡಿದೆ. ಅದೇ ನ್ಯಾಯದಿಂದ ‘ಫೀಕಾತುಮ್’ ಎಂಬುದು ಇಟಾಲಿಯನ್ನಿನಲ್ಲಿ ‘ಫಿಕಾತೊ’ ಎಂದೂ ಸ್ಪಾನಿಷಿನಲ್ಲಿ ‘ಇಗಾದೊ’ ಎಂದೂ ಆಗಬೇಕಾಗಿತ್ತು. ಆಗಿರುವುದು ‘ಫೇಗತೊ’, ‘ಈಗದೊ’. ಎರಡರಲ್ಲಿಯೂ ಬಲವು ಮೊದಲನೆಯ ಅಕ್ಷರಕ್ಕೆ ಹೋಗಿದೆ. ನಿಯಮವನ್ನು ಅನುಸರಿಸಿರುವುವು ರುಮೇನಿಯನ್ನಿನ ‘ಫಿಕಾತ್’ ಮತ್ತು ಇಟಲಿಯೊಳಗೇ ವೆನಿಸಿನ ‘ಫಿಗಾ’ ಮೊದಲಾದ ಕೆಲವು ರೂಪಗಳು ಮಾತ್ರ.

ಎರಡನೆಯ ತೊಡಕು ಮೊದಲನೆಯ ಸ್ವರದ್ದು. ‘ಫೀಕುಸ್’ ಶಬ್ದದ ಈಕಾರವು ದೀರ್ಘ. ಲ್ಯಾಟಿನ್ನಿನ ದೀರ್ಘ ಈಕಾರವು ರೋಮಾನ್ಸ್ ಭಾಷೆಗಳಲ್ಲಿ ಬದಲಾಗದೆ ನಿಲ್ಲುವುದು: ಅಂಜೂರಕ್ಕೆ ಇಟಾಲಿಯನ್ನರು ‘ಫೀಕೊ’ ಎನ್ನುತ್ತಾರೆ, ಸ್ಪಾನಿಷರು ‘ಈಗೊ’ ಎನ್ನುತ್ತಾರೆ. ಸ್ಪಾನಿಷಿನ ‘ಈಗದೊ’ ಈ ನಿಯಮಕ್ಕೆ ಹೊಂದುವುದು. ಇಟಾಲಿಯನ್ನಿನ ‘ಫೇಗತೊ’ ಹೊಂದುವುದಿಲ್ಲ. ಅಲ್ಲಿಯ ಏಕಾರವು ಹ್ರಸ್ವ ಇಕಾರದಿಂದಲೋ ದೀರ್ಘ ಏಕಾರದಿಂದಲೋ ಬರಬೇಕು. ಫ್ರೆಂಚಿನ ಸಾಕ್ಷ್ಯವೂ ಹಾಗೆಯೇ. ನಂಬಿಕೆ ಎಂಬರ್ಥದ ‘ಫಿದೆಮ್’ ಎಂಬ ಲ್ಯಾಟಿನ್ ರೂಪದಲ್ಲಿ ಇಕಾರವು ಹ್ರಸ್ವ. ಅದು ಇಟಾಲಿಯನ್ನಿನಲ್ಲಿ ‘ಫೇದೆ’, ಫ್ರೆಂಚಿನಲ್ಲಿ ‘ಫ್ವಾ’ ಎಂದಾಯಿತು. ಯಕೃತ್ತಿಗೂ ಫ್ರೆಂಚಿನಲ್ಲಿ ‘ಫ್ವಾ’ ಎಂದೇ ಉಚ್ಚಾರ. ಬರಹದಲ್ಲಿ ಮಾತ್ರ ಕೊನೆಗೊಂದು ಅಕ್ಷರ ಹೆಚ್ಚು. ನಂಬಿಕೆಯೂ ಯಕೃತ್ತೂ ಫ್ರೆಂಚರ ಕಿವಿಗೆ ಒಂದೇ ಆಗಿರುವುದರಿಂದ, ಇವೆರಡರ ಮೂಲರೂಪಗಳಲ್ಲಿ ಮೊದಲನೆಯ ಸ್ವರವು ಒಂದೇ ವಿಧವಾಗಿದ್ದಿತೆಂದು ಸಿದ್ಧವಾಗುವುದು.

ಮೂರನೆಯ ತೊಡಕು ವ್ಯಂಜನಗಳದ್ದು. ಕ್ಯಾಟಲಾನಿನ ‘ಫೆಜ್ಜೆ’ ಎಂಬುದರ ಜಕಾರವು ‘ಫೀಕಾತುಮ್’ ಎಂಬುದರಿಂದ ಹೇಗೆ ಬಂದಿತು? ಅದೇ ಭಾಷೆಯಲ್ಲಿ ವೈದ್ಯನಿಗೆ ‘ಮೆಜ್ಜೆ’ ಎಂದು ಹೆಸರು. ಇದು ಲ್ಯಾಟಿನ್ನಿನ ‘ಮೆದಿಕುಮ್’ ಶಬ್ದದ ನಿಯಮಬದ್ಧವಾದ ವಿಕಾರ. ಹಾಗಾದರೆ ‘ಫೆಜ್ಜೆ’ ಎಂಬುದಕ್ಕೆ ‘ಫಿದಿಕುಮ್’ ಎಂಬಂಥ ರೂಪವು ಮೂಲವಾಗಿರಬೇಕು. ಕಕಾರ ತಕಾರಗಳು ಸ್ಥಾನ ಬದಲಿಸಿ, ಅಂದರೆ ವರ್ಣವ್ಯತ್ಯಯವಾಗಿ, ‘ಫಿಕತುಮ್’ ಎಂಬುದು ‘ಫಿತಕುಮ್’ ಎಂಬಂತಾಗಿ, ಭಾಷೆಯಲ್ಲಿ ಬಹುವಾಗಿದ್ದ ‘-ತಿಕುಮ್’, ‘-ದಿಕುಮ್’ ಅಂತ್ಯದ ಶಬ್ದಗಳ ಸಾಲಿಗೆ ಅದು ಸೇರಿತು. ಫ್ರೆಂಚಿನ ‘ಫ್ವಾ’ ಎಂಬುದನ್ನೂ ಈ ರೂಪದಿಂದಲೇ ಸಾಧಿಸುವರು. ನಡುವಣ ಅಕ್ಷರವು ದುರ್ಬಲವಾಗಿದ್ದಲ್ಲದೆ ಇಂಥ ವ್ಯತ್ಯಯವು ಸುಲಭವಲ್ಲ. ಆದುದರಿಂದ ಮೂರನೆಯ ತೊಡಕಿಗೂ ಬೇರು ಮೊದಲನೆಯದರಲ್ಲಿಯೇ ಇರುವುದು. ಆಘಾತವು ಏಕೆ ಸರಿಯಿತೆಂಬುದು ತಿಳಿದರೆ ಉಳಿದುದು ಬಹುಮಟ್ಟಿಗೆ ತಾನೇ ತಿಳಿಯುವುದು.

ಈ ಪ್ರಶ್ನೆಯನ್ನು ಪೂರ್ಣವಾಗಿ ವಿಚಾರಿಸಿದವರಲ್ಲಿ ಫ್ರಾನ್ಸಿನ ಗಾಸ್ತೋನ್ ಪಾರೀಸರು ಪ್ರಮುಖರು. ಇಟಲಿಯ ಭಾಷಾಶಾಸ್ತ್ರಜ್ಞ ಅಸ್ಕೊಲಿಯವರ ಗೌರವಾರ್ಥವಾಗಿ ೧೯೦೧ರಲ್ಲಿ ತುರೀನಿನಲ್ಲಿ ಅಚ್ಚಾದ ಸಂಪುಟದಲ್ಲಿ ಈ ಒಂದು ಶಬ್ದವನ್ನು ಕುರಿತೇ ಅವರ ದೀರ್ಘವಾದ ಪ್ರಬಂಧವಿದೆ. ಅದೇ ಕಾಲದಲ್ಲಿ ಹ್ಯೂಗೊ ಶೂಖಾರ್ಟರೂ ಇದನ್ನು ಚರ್ಚಿಸಿದರು. ಈ ವಿಚಾರಗಳಿಂದ ಹೊರಪಟ್ಟು ಇಂದಿಗೂ ಹೆಚ್ಚು ಜನ ವಿದ್ವಾಂಸರು ಒಪ್ಪುವ ಸಮಾಧಾನವು ಹೀಗಿದೆ. ಲ್ಯಾಟಿನ್ ಆಡುವವರು ‘ಫೀಕಾತುಮ್’ ಎಂಬ ಅನುವಾದವನ್ನಲ್ಲದೆ ‘ಸ್ಯೂಕೋತೊನ್’ ಎಂಬ ಗ್ರೀಕ್ ಮೂಲವನ್ನೂ ದಿನವೂ ಕೇಳುತ್ತಿದ್ದರು. ಗ್ರೀಕಿನಲ್ಲಿ ಆ ಶಬ್ದದ ಆಘಾತವು ಕೊನೆಯ ಅಕ್ಷರದ ಮೇಲಿರುವುದು. ಲ್ಯಾಟಿನ್ನಿಗೆ ಅದು ಅಸಾಧ್ಯ. ಗ್ರೀಕರ ಉಚ್ಚಾರದಲ್ಲಿ ಹ್ರಸ್ವದೀರ್ಘಗಳ ಭೇದವು ಅಳಿಯುತ್ತಿದ್ದುದರಿಂದ ನಡುವಣ ‘ಕೋ’ ಲ್ಯಾಟಿನರ ಕಿವಿಗೆ ಲಘುವಾಗಿಯೇ ಕೇಳಿಸಿತು. ಲಘುವಾದ ಉಪಾಂತ್ಯಾಕ್ಷರವುಳ್ಳ ಶಬ್ದವು ಲ್ಯಾಟಿನ್ ನಿಯಮದಂತೆ ಮೊದಲನೆಯ ಅಕ್ಷರದ ಮೇಲೆ ಆಘಾತವನ್ನು ಪಡೆಯಿತು. ಹೀಗೆ ಆದಿಯಲ್ಲಿ ಬಲವುಳ್ಳ ‘ಸ್ಯೂಕೊತುಮ್’ ಎಂಬ ರೂಪವು ಪಾಕಶಾಲೆಯಲ್ಲಿ ಹುಟ್ಟಿತು. ಒಂದೇ ವಸ್ತುವಿಗೆ ‘ಸ್ಯೂಕೊತುಮ್’ ಎಂದೂ ‘ಫೀಕಾತುಮ್’ ಎಂದೂ ಒಂದೇ ಜನ ಹೇಳುತ್ತಿರುವಾಗ, ಒಂದರ ಧಾಟಿ ಇನ್ನೊಂದಕ್ಕೆ ಹತ್ತಿತು. ಅಕ್ಷರಗಳು ಲ್ಯಾಟಿನ್ನಿನವು, ಧಾಟಿ ಗ್ರೀಕಿನದು: ಇದೇ ‘ಫೀಕತುಮ್’. ಗ್ರೀಕಿನ ‘ಸ್ಯೂ’ ಎಂಬಲ್ಲಿಯ ಸ್ವರವು ಲ್ಯಾಟಿನ್ನಿನಲ್ಲಿ ಇಲ್ಲದ್ದು. ಅದನ್ನು ಸಾಮಾನ್ಯರು ಇಕಾರ ಎಕಾರಗಳಿಂದ ತುಂಬಿಕೊಂಡರು. ಇಟಾಲಿಯನ್, ಫ್ರೆಂಚ್ ಭಾಷೆಗಳ ಏಕಾರಕ್ಕೆ ಇಲ್ಲಿ ದಾರಿ ದೊರೆಯುವುದು. ಹಳೆಯ ‘ಯೆಕುರ್’ ಶಬ್ದದ ಎಕಾರವೂ ಇದಕ್ಕೆ ಒತ್ತಾಸೆ ಕೊಟ್ಟಿರಬಹುದು. ಮೈಯ-ಲ್ಯೂಬ್ಕೆಯವರು ತಮ್ಮ ರೋಮಾನ್ಸ್ ನಿರುಕ್ತಕೋಶದಲ್ಲಿ ಈ ಶಬ್ದಗಳನ್ನೆಲ್ಲ ಗ್ರೀಕ್ ಶಬ್ದದ ಕೆಳಗೆ ಸೇರಿಸಿರುವುದು ಈ ಮತದ ಬಲವನ್ನು ತೋರಿಸುತ್ತದೆ.

ಇದಕ್ಕೆ ಒಂದು ಆಕ್ಷೇಪವನ್ನು ತರಬಹುದು. ಗ್ರೀಕ್ ನಾಡಿಗೆ ಹತ್ತಿರವಾದ ರುಮೇನಿಯನ್ನಿನಲ್ಲಿಯೇ ಗ್ರೀಕಿನ ಧಾಟಿ ಇಲ್ಲದೆ, ದೂರದ ಸ್ಪೇನ್ ಪೋರ್ಚುಗಲ್ಲುಗಳಲ್ಲಿ ಅದು ಇರುವುದು ಹೇಗೆ? ಇಲ್ಲಿ ಗ್ರೀಕಿನ ಪ್ರಭಾವವೆಂದರೆ ನೆರೆಹೊರೆಯ ಪ್ರಭಾವವಲ್ಲ, ನಗರಗಳ ಬಾಣಸಿಗರ ಮತ್ತು ವೈದ್ಯರ ಪ್ರಭಾವ ಎಂದು ಇದಕ್ಕೆ ಸಮಾಧಾನ ಹೇಳಬಹುದು. ಹೊಸ ಉಚ್ಚಾರವು ರೋಮಿನಿಂದ ಪಶ್ಚಿಮದ ಪಟ್ಟಣಗಳಿಗೆ ಹರಡಿತು. ಡೇಸಿಯಾ ಪ್ರಾಂತವನ್ನಾದರೋ ಔರೇಲಿಯನ್ ಚಕ್ರವರ್ತಿಯು (೨೭೦-೨೭೫) ಬಿಟ್ಟುಬಿಟ್ಟನು. ಪೂರ್ವದ ಲ್ಯಾಟಿನ್ನಿಗೆ ಪಶ್ಚಿಮದೊಡನೆ ಸಂಪರ್ಕವು ಕಡಿಮೆಯಾಗುತ್ತ ಬಂದಿತು. ಅಂಚಿನ ಭಾಷೆಯು ಹಳೆಯದನ್ನು ಕಾಪಾಡುವುದು ಭಾಷಾಚರಿತ್ರೆಯಲ್ಲಿ ಅಪೂರ್ವವಲ್ಲ.

ಗ್ರೀಕಿನಲ್ಲಿಯೂ ಇದೇ ಕಥೆ ನಡೆದಿರುವುದು ಈ ಮತಕ್ಕೆ ದೊಡ್ಡ ಬಲ. ಇಂದಿನ ಗ್ರೀಕರು ಯಕೃತ್ತಿಗೆ ಬಳಕೆಯ ಮಾತಿನಲ್ಲಿ ‘ಸಿಕೋತಿ’ ಎನ್ನುತ್ತಾರೆ. ಇದು ಹಳೆಯ ‘ಸ್ಯೂಕೋತೊನ್’ ಶಬ್ದದಿಂದ ಬಂದುದು. ‘ಹೇಪರ್’ ಎಂಬುದು ವೈದ್ಯರ ಬರಹಕ್ಕೆ ಸೇರಿಹೋಗಿದೆ. ಹೀಗೆ ಎರಡು ಭಾಷೆಗಳಲ್ಲಿ, ಒಂದೇ ಕುಲದ ಎರಡು ಹಳೆಯ ಶಬ್ದಗಳನ್ನು ಒಂದೇ ಭಕ್ಷ್ಯದ ಹೆಸರು ಹೊರಗೆ ಹಾಕಿತು.

೫. ಇತರ ಅಂಗಗಳ ಹೆಸರುಗಳು

ಯಕೃತ್ತಿನ ಹೆಸರು ಒಂದು ವಿಚಿತ್ರವಾದ ಅಪವಾದವೆಂದು ತಿಳಿಯಬಾರದು. ಡಯೊಕ್ಲೀಷಿಯನ್ನನ ಬೆಲೆಪಟ್ಟಿಯಲ್ಲಿಯೇ ‘ಪೆರ್ನ’ ಎಂಬ ಇನ್ನೊಂದು ಶಬ್ದವಿದೆ. ಉಪ್ಪಿನಲ್ಲಿ ಹಾಕಿಟ್ಟ ಹಂದಿಯ ತೊಡೆ ಎಂದರ್ಥ. ಉತ್ತಮವಾದುದಕ್ಕೆ ಪೌಂಡಿಗೆ ೨೦ ದೀನಾರಗಳು. ಆ ಶಬ್ದವೇ ಸ್ಪಾನಿಷಿನಲ್ಲಿ ‘ಪ್ಯೇರ್ನ’, ಪೋರ್ಚುಗೀಸಿನಲ್ಲಿ ‘ಪೆರ್ನ’ ಎಂದಾಗಿ ಇಂದು ಮನುಷ್ಯನ ಕಾಲನ್ನು ಹೇಳುತ್ತದೆ. ಫ್ರೆಂಚಿನಲ್ಲಿ ಕಾಲಿಗಿರುವ ‘ಜಾಂಬ್’, ಇಟಾಲಿಯನ್ನಿನ ‘ಗಾಂಬ’ ಇವು ಲ್ಯಾಟಿನ್ನಿನ ಪಶುವೈದ್ಯಗ್ರಂಥಗಳಲ್ಲಿ ಕುದುರೆಯ ಕಾಲಿನ ಕೀಲನ್ನು ಹೇಳುತ್ತಿದ್ದ ‘ಗಂಬ’ ಎಂಬ ಶಬ್ದದಿಂದ ಬಂದವು. ಅದೂ ಗ್ರೀಕಿನಿಂದ ಬಂದುದೇ. ತಲೆಗೆ ಫ್ರೆಂಚಿನ ‘ತೆತ್’, ಇಟಾಲಿಯನ್ನಿನ ‘ತೆಸ್ತ’ ಎಂಬ ಹೆಸರುಗಳು ಮಡಕೆಯ ಹೆಸರಿನಿಂದ ಬಂದುವು. ಮಾಂಸದಂಗಡಿ, ಕುದುರೆಯ ಲಾಯ, ಅಡಿಗೆಯ ಮನೆ ಇವು ಮನುಷ್ಯನ ಶರೀರಕ್ಕೆ ಹೆಸರುಗಳನ್ನು ಒದಗಿಸಿದುವು.

ಇದಕ್ಕೆ ವಿರುದ್ಧವಾದ ಉದಾಹರಣೆ ಪ್ಲೀಹದ್ದು. ಅದಕ್ಕೆ ಲ್ಯಾಟಿನ್ನಿನಲ್ಲಿ ‘ಲಿಯೇನ್’ ಎಂಬ ಹೆಸರಿದ್ದಿತು, ಅದೂ ಅಳಿದುಹೋಯಿತು. ಆದರೆ ಅದರ ಸ್ಥಾನಕ್ಕೆ ಎಲ್ಲೆಡೆಯೂ ಒಂದೇ ಶಬ್ದ ಬರಲಿಲ್ಲ. ಇಟಾಲಿಯನ್ನರು ‘ಮಿಲ್ತ್ಸ’ ಎಂಬ ಜರ್ಮಾನಿಕ್ ಶಬ್ದವನ್ನು ತೆಗೆದುಕೊಂಡರು, ಸ್ಪಾನಿಷರು ‘ಬಾಥೊ’ ಎನ್ನುತ್ತಾರೆ, ಅದು ಕಂದುಬಣ್ಣವನ್ನು ಹೇಳುವ ಶಬ್ದದಿಂದ ಬಂದುದೆಂದು ಊಹೆ, ಫ್ರೆಂಚರದು ‘ರಾತ್’, ರುಮೇನಿಯನ್ನಿನ ‘ಸ್ಪ್ಲೀನ’ ಗ್ರೀಕ್ ಮೂಲದ್ದು. ಪ್ಲೀಹಕ್ಕೆ ಸಾಮ್ರಾಜ್ಯವೆಲ್ಲ ಮೆಚ್ಚಿದ ಭಕ್ಷ್ಯದ ಪಟ್ಟ ದೊರೆಯಲಿಲ್ಲ. ಆದುದರಿಂದ ಸಾಮ್ರಾಜ್ಯವೆಲ್ಲ ಒಪ್ಪಿದ ಹೆಸರೂ ದೊರೆಯಲಿಲ್ಲ. ಯಕೃತ್ತಿನ ಹೆಸರಿನ ಏಕರೂಪತೆಗೆ ಕಾರಣವು ವೈದ್ಯಶಾಸ್ತ್ರವಲ್ಲ, ವ್ಯಾಪಾರವೆಂಬುದು ಈ ಹೋಲಿಕೆಯಿಂದ ದೃಢವಾಗುವುದು.

೬. ಪಂಡಿತರ ಶಬ್ದವೂ ಜನರ ಶಬ್ದವೂ

ಇಷ್ಟಾದರೂ ಹಳೆಯ ಶಬ್ದಕುಲವು ಪಶ್ಚಿಮದಲ್ಲಿ ಪೂರ್ಣವಾಗಿ ನಿರ್ವಂಶವಾಗಲಿಲ್ಲ. ಗ್ರೀಕಿನ ‘ಹೇಪರ್’ ಶಬ್ದವು ವೈದ್ಯಗ್ರಂಥಗಳ ಮೂಲಕ ಹಿಂದಿರುಗಿತು. ಫ್ರೆಂಚಿನಲ್ಲಿ ಯಕೃತ್ತು ‘ಫ್ವಾ’. ಯಕೃತ್ತಿಗೆ ಸಂಬಂಧಪಟ್ಟದ್ದು ‘ಎಪಾತೀಕ್’. ಸ್ಪಾನಿಷಿನಲ್ಲಿ ‘ಈಗದೊ’, ‘ಎಪಾತಿಕೊ’. ಇಟಾಲಿಯನ್ನಿನಲ್ಲಿ ‘ಫೇಗತೊ’, ‘ಎಪಾತಿಕೊ’. ವಿಶೇಷ್ಯವು ಅಡಿಗೆಯವನದು, ವಿಶೇಷಣವು ಪಂಡಿತನದು. ರೋಗಿಯು ತನ್ನ ನೋವನ್ನು ಹೇಳುವ ಶಬ್ದ ಒಂದು, ವೈದ್ಯನು ಆ ನೋವಿಗೆ ಇಡುವ ಹೆಸರಿನ ಧಾತು ಇನ್ನೊಂದು. ಇವೆರಡರ ನಡುವಣ ಬಂಧುತ್ವವು ಆಡುವವನಿಗೆ ಕಾಣದಂತಾಗಿದೆ.

ಅಂಜೂರವಾದರೋ ಎಲ್ಲರ ನೆನಪಿನಿಂದಲೂ ಮಾಯವಾಯಿತು. ಇದಕ್ಕೆ ಒಂದು ವಿನೋದದ ಸಾಕ್ಷ್ಯವುಂಟು. ಕೊಬ್ಬಿಸಿದ ಹೆಬ್ಬಾತಿನ ಯಕೃತ್ತಿಗೆ ಫ್ರೆಂಚರು ‘ಫ್ವಾ ಗ್ರಾ’ ಎಂದು ಹೆಸರಿಟ್ಟಿದ್ದಾರೆ. ‘ಗ್ರಾ’ ಎಂದರೆ ಕೊಬ್ಬಿದ. ಹೊರೇಸನ ಕಾಲದ ಆ ಭಕ್ಷ್ಯವೇ ಇದು. ಕೊಬ್ಬಿಸಿದ ಯಕೃತ್ತೆಂಬ ಅರ್ಥವು ಆ ಹೆಸರಿನ ಮೊದಲನೆಯ ಶಬ್ದದಲ್ಲಿಯೇ ಒಂದು ಕಾಲದಲ್ಲಿ ಅಡಕವಾಗಿದ್ದಿತು. ಅರ್ಥವು ಸವೆದುಹೋದುದರಿಂದ ಅದೇ ಅರ್ಥವನ್ನು ಮತ್ತೆ ಹೊರಗಿನಿಂದ ತಂದು ಸೇರಿಸಬೇಕಾಯಿತು. ‘ಯೆಕುರ್ ಫೀಕಾತುಮ್’ ಎಂಬ ವಿಶೇಷ್ಯವಿಶೇಷಣಗಳ ಜೋಡಿಯಿಂದ ಹೊರಟ ಮಾತು, ಒಂಟಿ ಶಬ್ದವಾಗಿ, ಮರಳಿ ‘ಫ್ವಾ ಗ್ರಾ’ ಎಂಬ ಜೋಡಿಗೆ ಬಂದು ನಿಂತಿದೆ.

ಹಳೆಯ ಭಾವನೆಗಳು ಮಾತ್ರ ಹೊಸ ಶಬ್ದವನ್ನು ಹಿಂಬಾಲಿಸಿ ಬಂದುವು. ಇಟಾಲಿಯನ್ನರು ಧೈರ್ಯವುಳ್ಳವನನ್ನು ‘ಫೇಗತೊ’ ಉಳ್ಳವನೆನ್ನುತ್ತಾರೆ. ಪಾರಸಿ ಉರ್ದುಗಳಲ್ಲಿ ‘ಜಿಗರ್’ ಎಂಬುದಕ್ಕೂ ಯಕೃತ್ತು, ಕೆಚ್ಚು ಎಂಬ ಎರಡರ್ಥಗಳೂ ಉಂಟು. ಯಕೃತ್ತೇ ರಕ್ತದ ಉತ್ಪತ್ತಿಸ್ಥಾನವೆಂಬ ಗ್ಯಾಲೆನನ ಮತವು ೧೬೨೮ರಲ್ಲಿ ಹಾರ್ವೆಯು ರಕ್ತಚಲನೆಯ ನಿಜವನ್ನು ಪ್ರಕಟಿಸುವವರೆಗೂ ಯುರೋಪಿನಲ್ಲಿಯೂ ಅರಬ್ಬರಲ್ಲಿಯೂ ಪ್ರಬಲವಾಗಿದ್ದಿತು. ಶಬ್ದವು ಬದಲಾದರೂ ಅಂಗದ ಪ್ರತಿಷ್ಠೆಯು ಬದಲಾಗಲಿಲ್ಲ.

ಈ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ನಿರುಕ್ತಕ್ಕೆ ಸಂಬಂಧಿಸಿದುದು. ಅಂಜೂರದ ಕಥೆಯೊಂದನ್ನೇ ಹೇಳಿ ತೃಪ್ತನಾಗುವವನು ‘ಫೀಕಾತುಮ್’ ಶುದ್ಧವಾದ ಲ್ಯಾಟಿನ್ ಶಬ್ದವೆಂದು ಭಾವಿಸಿ ಸುಮ್ಮನಾಗುವನು. ಒಂದು ಆಘಾತವು ಸ್ಥಾನ ತಪ್ಪಿರುವುದನ್ನು ಕಂಡು ನಿಂತು ವಿಚಾರಿಸುವವನಿಗೆ, ಲ್ಯಾಟಿನ್ ಅಕ್ಷರಗಳ ಹಿಂದೆ ಗ್ರೀಕ್ ಬಾಣಸಿಗನ ಧ್ವನಿಯು ಕೇಳಿಸುವುದು. ಅರ್ಥವು ಕಥೆಯನ್ನು ಹೇಳುತ್ತದೆ. ಆ ಕಥೆ ಯಾರದೆಂಬುದನ್ನು ಧ್ವನಿಯು ಹೇಳುತ್ತದೆ.

ಎರಡನೆಯದು ಪಾರಿಭಾಷಿಕ ಶಬ್ದಗಳಿಗೆ ಸಂಬಂಧಿಸಿದುದು. ರೋಮಾನ್ಸ್ ನಾಡುಗಳ ಆಡುಮಾತಿನಲ್ಲಿ ಅಳಿದುಹೋದ ‘ಯೆಕುರ್’ ಶಬ್ದದ ಸಹೋದರವನ್ನು ಕನ್ನಡವು ‘ಯಕೃತ್ತು’ ಎಂದು ಸಂಸ್ಕೃತದಿಂದ ಪಡೆದು ಶಾಸ್ತ್ರಗ್ರಂಥಗಳಲ್ಲಿ ಉಳಿಸಿಕೊಂಡಿದೆ. ‘ಪಿತ್ತಜನಕಾಂಗ’ ಎಂಬ ಹೊಸ ಸಮಾಸವನ್ನೂ ಪಾಠಪುಸ್ತಕಗಳಿಗೆ ಕೊಟ್ಟಿದೆ. ಇವು ಬೇಕಾದುವೇ. ಆದರೆ ಶರೀರದ ಹೆಸರುಗಳು ವೈದ್ಯನ ಗ್ರಂಥದಲ್ಲಿ ಮಾತ್ರವೇ ಹುಟ್ಟುವುದಿಲ್ಲ. ಕಟುಕ, ಬಾಣಸಿಗ, ದನಗಳಿಗೆ ಔಷಧ ಹಾಕುವವನು, ಸೂಲಗಿತ್ತಿ ಇವರ ಬಾಯಲ್ಲಿಯೂ ಹುಟ್ಟಿ ಬೆಳೆಯುತ್ತವೆ. ಕೋಶಗಳಲ್ಲಿ ಸೇರದೆ ಹೋದರೆ ಅಂಥ ಶಬ್ದಗಳು ಸಾಕ್ಷ್ಯವಿಲ್ಲದೆ ಅಳಿಯುತ್ತವೆ. ಡಯೊಕ್ಲೀಷಿಯನ್ನನ ಕಾಲದ ಒಬ್ಬ ಲಿಪಿಕಾರನು ಮಾಂಸದ ಬೆಲೆಯನ್ನು ಬರೆಯುವಾಗ ಶಿಷ್ಟಶಬ್ದವನ್ನು ಹುಡುಕದೆ ಅಂಗಡಿಯ ಮಾತನ್ನೇ ಬರೆದನು. ಫ್ರಾಂಕರ ದೊರೆಗೆ ಪಥ್ಯ ಹೇಳಿದ ವೈದ್ಯನೂ ಹಾಗೆಯೇ ಮಾಡಿದನು. ಅವರು ಹಾಗೆ ಬರೆದುದರಿಂದಲೇ ಆರು ಭಾಷೆಗಳ ಒಂದು ಶಬ್ದದ ಹುಟ್ಟು ಬೆಳವಣಿಗೆಗಳು ಇಂದು ಗೊತ್ತಾಗಿವೆ.